ಕೋಲಾರದ ನೆಲದಾಳದ ಎರಡು ಅಣು ಕಾವಲು ಠಾಣೆಗಳು: ಒಂದು ಉಳಿಯಿತು, ಒಂದು ಮುಳುಗಿತು

ಕೋಲಾರ ಎಂದೊಡನೆ ಚಿನ್ನ, ರೇಷ್ಮೆ ಮತ್ತು ಬತ್ತಿದ ಕೆರೆಗಳು ನೆನಪಾಗುವುದು ಸಹಜ. ಈ ನೆಲಕ್ಕೆ ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಇತಿಹಾಸವೂ ಇದೆ. 1965ರಲ್ಲಿ, ಒಂದೇ ವರ್ಷದಲ್ಲಿ, ಅಂದಿನ ಅವಿಭಜಿತ ಕೋಲಾರ ಜಿಲ್ಲೆಯ ಎರಡು ತುದಿಗಳಲ್ಲಿ ಭಾರತದ ವಿಜ್ಞಾನಿಗಳು ನೆಲದೊಳಗೆ ಉಪಕರಣಗಳನ್ನಿಟ್ಟು ಕಾವಲು ಕುಳಿತರು. ಗೌರಿಬಿದನೂರಿನ ಉಪಕರಣಗಳು ಸಾವಿರಾರು ಕಿ.ಮೀ. ದೂರದ ಅಣುಬಾಂಬ್ ಸ್ಫೋಟಗಳಿಗೆ ಕಿವಿಗೊಟ್ಟವು. ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, 2.3 ಕಿ.ಮೀ. ಆಳದಲ್ಲಿದ್ದ ಉಪಕರಣಗಳು ಮೊದಲು ನ್ಯೂಟ್ರಿನೊ ಕಣಗಳಿಗಾಗಿ, ಬಳಿಕ ಪರಮಾಣುವಿನ ಒಡಲಲ್ಲಿರುವ ಪ್ರೋಟಾನ್ ತಾನಾಗಿ ಒಡೆಯುವ ಕ್ಷಣಕ್ಕಾಗಿ ಕಾದವು. ಮೊದಲನೆಯ ಠಾಣೆ ಅರ್ಧ ಶತಮಾನ ದಾಟಿ ಉಳಿದಿದೆ. ಎರಡನೆಯದನ್ನು 1990ರ ದಶಕದ ಆರಂಭದಲ್ಲಿ ತೊರೆಯಲಾಯಿತು. ಅದು ಹೆಸರು ಮಾಡಿದ್ದು ಮಾತ್ರ ಮೊದಲನೆಯದಕ್ಕಿಂತ ಹೆಚ್ಚು.

ಪರಿತ್ಯಕ್ತ ಅಣು ನಿಗಾ ಠಾಣೆ ಎಂದರೆ ಹೊರದೇಶಗಳಲ್ಲಿ ಸಾಮಾನ್ಯವಾಗಿ ಬ್ರಿಟನ್ನಿನ ಉದಾಹರಣೆಯನ್ನೇ ಕೊಡುತ್ತಾರೆ. ಶೀತಲ ಸಮರದ ಕಾಲದಲ್ಲಿ ಅಲ್ಲಿನ ರಾಯಲ್ ಅಬ್ಸರ್ವರ್ ಕೋರ್ ಎಂಬ ಸ್ವಯಂಸೇವಕ ದಳಕ್ಕಾಗಿ ದೇಶದುದ್ದಕ್ಕೂ 1,563 ನೆಲಮಾಳಿಗೆಗಳನ್ನು ಕಟ್ಟಲಾಯಿತು. ಹೊಲದ ನಡುವೆ ಒಂದು ಕಬ್ಬಿಣದ ಮುಚ್ಚಳ, ಅದರ ಕೆಳಗೆ ಏಣಿ, ಏಣಿಯ ಬುಡದಲ್ಲಿ ಮೂವರು ಕೂರಬಲ್ಲ ಕಾಂಕ್ರೀಟ್ ಕೋಣೆ. ಬಾಂಬ್ ಬಿದ್ದ ಮೇಲೆ ಅದರ ಬಲ, ದಿಕ್ಕು ಮತ್ತು ವಿಕಿರಣದ ಪ್ರಮಾಣವನ್ನು ವರದಿ ಮಾಡುವುದು ಆ ಮೂವರ ಕೆಲಸ. ಸುಮಾರು ಅರ್ಧದಷ್ಟು ಠಾಣೆಗಳನ್ನು 1968ರಲ್ಲಿ ಮುಚ್ಚಿದರು, ಉಳಿದವನ್ನು 1991ರಲ್ಲಿ. ಅವು ಎದುರು ನೋಡಿದ ಯುದ್ಧ ಬರಲಿಲ್ಲ. ಕೋಲಾರದ ಠಾಣೆಗಳದು ಬೇರೆಯೇ ಜಾತಿ. ಅವು ಯುದ್ಧ ಬರಲೆಂದು ಕಾಯಬೇಕಿರಲಿಲ್ಲ. ಹುಟ್ಟಿದ ದಿನದಿಂದಲೇ ಕೈತುಂಬ ಕೆಲಸವಿತ್ತು.

ಗೌರಿಬಿದನೂರು: ನೆಲದ ಮಾತು ಕೇಳುವ ಠಾಣೆ

1957ರ ಸೆಪ್ಟೆಂಬರ್ 19ರಂದು ಅಮೆರಿಕ ನೆವಾಡಾ ಮರುಭೂಮಿಯಲ್ಲಿ ಅಣುಸಾಧನವೊಂದನ್ನು ಪೂರ್ಣವಾಗಿ ನೆಲದೊಳಗೆ ಸ್ಫೋಟಿಸಿತು. ಅದರ ಬಲ 1.7 ಕಿಲೋಟನ್. ವಿಕಿರಣ ಹೊರಬೀಳಲಿಲ್ಲ. ಅದುವರೆಗೆ ಗಾಳಿಯಲ್ಲಿ ತೇಲಿಬರುವ ಬೂದಿಯನ್ನು ಹಿಡಿದು ಯಾರು ಸ್ಫೋಟಿಸಿದರು ಎಂದು ಹೇಳುತ್ತಿದ್ದವರಿಗೆ ಇದು ಹೊಸ ತಲೆನೋವಾಯಿತು. ನೆಲದೊಳಗಿನ ಸ್ಫೋಟದ ಸುಳಿವು ಸಿಗುವುದು ನೆಲದ ಕಂಪನದಿಂದ ಮಾತ್ರ. ಆದರೆ ಭೂಮಿ ದಿನವೂ ನೂರಾರು ಸಲ ಸಣ್ಣದಾಗಿ ಕಂಪಿಸುತ್ತಲೇ ಇರುತ್ತದೆ. ಯಾವುದು ಭೂಕಂಪ, ಯಾವುದು ಬಾಂಬ್?

1958ರ ಬೇಸಿಗೆಯಲ್ಲಿ ಜಿನೀವಾದಲ್ಲಿ ಸೇರಿದ ಪೂರ್ವ ಮತ್ತು ಪಶ್ಚಿಮ ಬಣಗಳ ತಜ್ಞರು ಇದಕ್ಕಾಗಿ ಜಗತ್ತಿನಾದ್ಯಂತ ನೆಲದ ಮೇಲೆ 160ರಿಂದ 170 ನಿಗಾ ಠಾಣೆಗಳು ಬೇಕೆಂದರು. ಅಂತಹ ಜಾಲ ಕಾಗದದಲ್ಲೇ ಉಳಿಯಿತು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿ ಬಿದ್ದ ಒಪ್ಪಂದ ವಾತಾವರಣ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಅಣುಪರೀಕ್ಷೆಗಳನ್ನು ನಿಷೇಧಿಸಿತು, ನೆಲದೊಳಗಿನದನ್ನು ಬಿಟ್ಟುಬಿಟ್ಟಿತು. ಬಿಟ್ಟದ್ದಕ್ಕೆ ಮುಂದಿಟ್ಟ ಮುಖ್ಯ ಕಾರಣ, ಕದ್ದು ನಡೆಸಿದರೆ ಪತ್ತೆಹಚ್ಚುವ ನಂಬಲರ್ಹ ವಿಧಾನ ಇಲ್ಲವೆಂಬುದು. ಅಣುಪರೀಕ್ಷೆಗಳನ್ನು ನಿಲ್ಲಿಸಬೇಕೆಂದು 1954ರ ಏಪ್ರಿಲ್‌ನಲ್ಲಿಯೇ ಕರೆ ಕೊಟ್ಟಿದ್ದ ನೆಹರೂ ಅವರ ಸರ್ಕಾರ ಮೂರೇ ದಿನಗಳಲ್ಲಿ ಈ ಒಪ್ಪಂದಕ್ಕೆ ಸಹಿ ಹಾಕಿತು.

ಆ ವಿಧಾನವನ್ನು ರೂಪಿಸುವ ಕೆಲಸದಲ್ಲಿ ಮುಂದಿದ್ದವರು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಭೂಕಂಪ ತಜ್ಞರು. ಒಂದೇ ಭೂಕಂಪಮಾಪಕದ ಬದಲು ಇಪ್ಪತ್ತನ್ನು ಎರಡು ಅಡ್ಡ ಸಾಲುಗಳಲ್ಲಿ ನಿಲ್ಲಿಸಿ ಅವುಗಳ ದಾಖಲೆಯನ್ನು ಒಂದಾಗಿ ಓದುವುದು ಅವರ ಉಪಾಯ. ಸ್ಕಾಟ್‌ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಮತ್ತು ಕೆನಡಾದ ಯೆಲ್ಲೋನೈಫ್‌ನಲ್ಲಿ 1962ರಲ್ಲಿ ಇಂತಹ ಸಾಲುಗಳು ಎದ್ದವು. 1965ರಲ್ಲಿ ಆಸ್ಟ್ರೇಲಿಯಾದ ವಾರಮುಂಗಾ ಮತ್ತು ನಮ್ಮ ಗೌರಿಬಿದನೂರಿನ ಸರದಿ. ಹೋಮಿ ಭಾಭಾ ಅವರು ಟ್ರಾಂಬೆಯಲ್ಲಿ ಕಟ್ಟಿದ ಅಣುಶಕ್ತಿ ಸಂಸ್ಥೆ, ಅಂದರೆ 1967ರಿಂದ ಭಾಭಾ ಅಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ಎಂದು ಕರೆಯಲ್ಪಡುವ ಸಂಸ್ಥೆ, ಬ್ರಿಟಿಷರ ಸಹಯೋಗದಲ್ಲಿ ಅದನ್ನು ಸ್ಥಾಪಿಸಿತು.

ಗೌರಿಬಿದನೂರಿನ ಸಾಲು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿದೆ. ಒಂದೊಂದು ಭುಜವೂ ಇಪ್ಪತ್ತು ಕಿ.ಮೀ.ಗಿಂತ ಉದ್ದ. ಹೊಲಗದ್ದೆಗಳ ನಡುವೆ ಅಲ್ಲಲ್ಲಿ ಗುಂಡಿ ತೋಡಿ ಗಟ್ಟಿ ಬಂಡೆಯ ಮೇಲೆಯೇ ಭೂಕಂಪಮಾಪಕಗಳನ್ನು ಕೂರಿಸಲಾಗಿದೆ. ಅವುಗಳ ಸಂಕೇತಗಳು ಕೇಂದ್ರ ಪ್ರಯೋಗಾಲಯಕ್ಕೆ ಬಂದು ಸೇರುತ್ತವೆ. ದೂರದ ಸ್ಫೋಟದ ಅಲೆ ಭೂಮಿಯ ಒಡಲನ್ನು ಸೀಳಿಕೊಂಡು ಬಂದು ಈ ಸಾಲನ್ನು ಒಂದು ತುದಿಯಿಂದ ಇನ್ನೊಂದಕ್ಕೆ ದಾಟಲು ಎರಡು ಸೆಕೆಂಡಿನಷ್ಟೂ ಹಿಡಿಯದು. ಆದರೆ ಯಾವ ಮಾಪಕಕ್ಕೆ ಮೊದಲು ತಟ್ಟಿತು, ಯಾವುದಕ್ಕೆ ಎಷ್ಟು ತಡವಾಯಿತು ಎಂಬ ಲೆಕ್ಕದಿಂದ ಅಲೆ ಬಂದ ದಿಕ್ಕೂ ಸಾಗಿದ ದೂರವೂ ಗೊತ್ತಾಗುತ್ತವೆ. ಆ ವಿಳಂಬಗಳನ್ನು ಸರಿಹೊಂದಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ನಿಜವಾದ ಅಲೆ ಒಂದರ ಮೇಲೊಂದು ಬಿದ್ದು ಬಲಿಯುತ್ತದೆ. ಎತ್ತಿನ ಗಾಡಿ, ಲಾರಿ, ಗಾಳಿಗಳ ಗದ್ದಲ ಒಂದಕ್ಕೊಂದು ತಾಳೆಯಾಗದೆ ಕುಗ್ಗುತ್ತದೆ. ಲೆಕ್ಕದ ಪ್ರಕಾರ ಗದ್ದಲ ಸುಮಾರು ನಾಲ್ಕೂವರೆ ಪಟ್ಟು ತಗ್ಗಬೇಕು.

ಹೀಗೆ ಸ್ಥಳ ತಿಳಿದ ಮೇಲೆ ಭೂಕಂಪವನ್ನೂ ಬಾಂಬನ್ನೂ ಬೇರ್ಪಡಿಸಬೇಕು. ಭೂಕಂಪದಲ್ಲಿ ಬಂಡೆಗಳು ಉದ್ದನೆಯ ಬಿರುಕಿನಗುಂಟ ಜಾರುವುದರಿಂದ ನೆಲದ ಮೇಲ್ಮೈಯಲ್ಲಿ ಹರಿಯುವ ನಿಧಾನದ ಅಲೆಗಳು ದೊಡ್ಡದಾಗಿ ಏಳುತ್ತವೆ. ಸ್ಫೋಟ ಒಂದು ಬಿಂದುವಿನಿಂದ ಎಲ್ಲ ಕಡೆಗೂ ಒಮ್ಮೆಲೇ ನೂಕುತ್ತದೆ. ಅದರ ಮೊದಲ ಹೊಡೆತ ಚುರುಕಾಗಿದ್ದು, ಮೇಲ್ಮೈ ಅಲೆಗಳು ಅದಕ್ಕೆ ಹೋಲಿಸಿದರೆ ಬಡಕಲಾಗಿರುತ್ತವೆ. ಈ ಎರಡರ ಪ್ರಮಾಣವೇ ಇಂದಿಗೂ ಸ್ಫೋಟವನ್ನು ಗುರುತಿಸುವ ಮುಖ್ಯ ಒರೆಗಲ್ಲು.

ಕರಾವಳಿಯಲ್ಲೇಕೆ ಅಲ್ಲ?

ಬಂಡೆಯೇ ಬೇಕೆಂದಿದ್ದರೆ ಕರ್ನಾಟಕದ ಕರಾವಳಿಯಲ್ಲಿ ಅದಕ್ಕೇನೂ ಬರವಿರಲಿಲ್ಲ. ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠಾಪನೆಯಾದ 42 ಅಡಿಯ ಗೊಮ್ಮಟ ನಿಂತಿರುವುದು ಹೆಬ್ಬಂಡೆಯ ಮೇಲೆ. ಕಾಪುವಿನ ದೀಪಸ್ತಂಭ 1901ರಿಂದ ನಿಂತಿರುವುದೂ ಬಂಡೆಯ ಮೇಲೆಯೇ. ತೊಡಕು ಬಂಡೆಯದಲ್ಲ, ಕಡಲಿನದು. ಸಮುದ್ರದ ಅಲೆಗಳು ನೆಲವನ್ನು ನಿರಂತರವಾಗಿ ತಟ್ಟುತ್ತಿರುತ್ತವೆ. ಎದುರುಬದುರಾಗಿ ಸಾಗುವ ಅಲೆಗಳು ಕೂಡಿದಾಗ ನಾಲ್ಕರಿಂದ ಎಂಟು ಸೆಕೆಂಡಿಗೊಮ್ಮೆ ತೂಗುವ ನವಿರಾದ ಕಂಪನ ಹುಟ್ಟಿ ಒಳನಾಡಿನತ್ತ ಹಬ್ಬುತ್ತದೆ. ಕಾಲಿಗೆ ಗೊತ್ತಾಗದು, ಮಾಪಕಕ್ಕೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಉಕ್ಕಿದಾಗ ಉಡುಪಿ, ಮಲ್ಪೆ, ಕಾಪುವಿನ ನೆಲದ ಮೇಲೆ ಕೂರಿಸಿದ ಸೂಕ್ಷ್ಮ ಮಾಪಕಕ್ಕೆ ದೂರದ ಸ್ಫೋಟದ ಪಿಸುಮಾತು ಕೇಳಿಸುವುದು ಕಷ್ಟ. ಗೌರಿಬಿದನೂರು ಪೂರ್ವ ಪಶ್ಚಿಮ ಎರಡೂ ಕಡಲುಗಳಿಂದ ದೂರ. ಕೆಳಗಿರುವುದು 250 ಕೋಟಿ ವರ್ಷಗಳಿಗಿಂತ ಹಳೆಯ ಗಟ್ಟಿ ಶಿಲೆ.

ಇನ್ನೊಂದು ಅನುಕೂಲ ಭೂಗೋಳದ್ದು. ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್‌ಸ್ಕ್ ಪರೀಕ್ಷಾ ಕ್ಷೇತ್ರ ಗೌರಿಬಿದನೂರಿನಿಂದ ಸುಮಾರು 4,000 ಕಿ.ಮೀ., ಚೀನಾದ ಲೋಪ್ ನೋರ್ ಸುಮಾರು 3,300 ಕಿ.ಮೀ. ದೂರದಲ್ಲಿವೆ. ಹೆಚ್ಚುಕಡಿಮೆ ಈ ದೂರದಿಂದಾಚೆಗೆ ಅಲೆಗಳು ಭೂಮಿಯ ಮೇಲ್ಪದರದ ಗೊಂದಲಗಳಿಂದ ತಪ್ಪಿಸಿಕೊಂಡು ಆಳದ ಮೂಲಕ ಶುದ್ಧವಾಗಿ ಬರುತ್ತವೆ. ಲೋಪ್ ನೋರ್‌ನಲ್ಲಿ ಸ್ಫೋಟವಾದರೆ ಆರು ನಿಮಿಷದಲ್ಲಿ ಗೌರಿಬಿದನೂರಿಗೆ ಸುದ್ದಿ. 1969ರ ಸೆಪ್ಟೆಂಬರ್‌ನಲ್ಲಿ ಚೀನಾ ನೆಲದೊಳಗಿನ ಪರೀಕ್ಷೆಗಳನ್ನು ಆರಂಭಿಸಿದಾಗ ಈ ಠಾಣೆ ಭಾರತಕ್ಕೆ ಎಷ್ಟು ಬೇಕಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಠಾಣೆಗೆ ಹತ್ತಿರದ ಕಂಪನಗಳೂ ಉಪಯೋಗಕ್ಕೆ ಬಂದವು. ಕೆಜಿಎಫ್‌ನ ಆಳದಲ್ಲಿ ಒತ್ತಡ ತಾಳದೆ ಬಂಡೆ ಸಿಡಿಯುವ ‘ರಾಕ್ ಬರ್ಸ್ಟ್’ಗಳು ಗಣಿ ಕಾರ್ಮಿಕರ ಜೀವ ತೆಗೆಯುತ್ತಿದ್ದವು. ಅದೇ ಸಿಡಿತಗಳ ಅಲೆಗಳನ್ನು ಗೌರಿಬಿದನೂರಿನಲ್ಲಿ ಅಳೆದು ವಿಜ್ಞಾನಿಗಳು ದಕ್ಷಿಣ ಭಾರತದ ಭೂಪದರದ ದಪ್ಪವನ್ನು ಲೆಕ್ಕಹಾಕಿದರು. ಅದು ಸುಮಾರು 35 ಕಿ.ಮೀ. ಜಿಲ್ಲೆಯ ಎರಡು ಠಾಣೆಗಳ ನಡುವಿನ ನೆಲ ಈ ರೀತಿಯಲ್ಲಿಯೂ ಬೆಸೆದುಕೊಂಡಿತು.

ಮನೆಯ ಸ್ಫೋಟ, ನೆರೆಯ ಸ್ಫೋಟ

1974ರ ಮೇ 18ರಂದು ಭಾರತವೇ ಪೋಖ್ರಾನ್‌ನಲ್ಲಿ ಅಣುಸಾಧನ ಸ್ಫೋಟಿಸಿದಾಗ ಗೌರಿಬಿದನೂರಿನ ಪಾತ್ರ ಬದಲಾಯಿತು. ಪರರ ಮೇಲೆ ಕಣ್ಣಿಡಲು ಕಟ್ಟಿದ ಠಾಣೆ ಸ್ವಂತ ಮನೆಯ ಸದ್ದನ್ನೂ ಬರೆದುಕೊಳ್ಳಬೇಕಾಯಿತು. 1998ರ ಮೇ 11 ಮತ್ತು 13ರಂದು ಭಾರತ, ಮೇ 28 ಮತ್ತು 30ರಂದು ಪಾಕಿಸ್ತಾನ ಪರೀಕ್ಷೆ ನಡೆಸಿದವು.

ಮೇ 11ರ ಮೂರು ಸ್ಫೋಟಗಳ ಪೈಕಿ ಉಷ್ಣಬೈಜಿಕ ಸಾಧನದ್ದು 45 ಕಿಲೋಟನ್, ಇನ್ನೊಂದರದು 15, ಮತ್ತೊಂದರದು 0.2 ಎಂದು ಸರ್ಕಾರ ಪ್ರಕಟಿಸಿತು. ವಿದೇಶಿ ಭೂಕಂಪ ತಜ್ಞರು ತಮ್ಮ ದಾಖಲೆಗಳನ್ನು ನೋಡಿ ಒಟ್ಟು ಬಲ 10ರಿಂದ 15 ಕಿಲೋಟನ್ ಆಸುಪಾಸು ಇರಬಹುದೆಂದರು. ಬಿಎಆರ್‌ಸಿ ವಿಜ್ಞಾನಿಗಳು 1974ರ ಮತ್ತು 1998ರ ಅಲೆಗಳ ಹೋಲಿಕೆ ಮಾಡಿ, ಏಕಕಾಲದ ಎರಡು ಸ್ಫೋಟಗಳ ಅಲೆಗಳು ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿದ್ದರಿಂದಲೇ ಹೊರಗಿನವರಿಗೆ ಕಡಿಮೆ ಕಂಡಿದೆ ಎಂದು ವಾದಿಸಿದರು. ಈ ವಾದದಲ್ಲಿ ಗೌರಿಬಿದನೂರಿನ ದಾಖಲೆಗಳಿಗೂ ಸ್ಥಾನವಿತ್ತು. ಪರೀಕ್ಷೆಯ ತಂಡದಲ್ಲಿದ್ದ ಡಿಆರ್‌ಡಿಒ ವಿಜ್ಞಾನಿ ಕೆ. ಸಂತಾನಂ ಅವರೇ 2009ರಲ್ಲಿ ಉಷ್ಣಬೈಜಿಕ ಸಾಧನ ನಿರೀಕ್ಷಿತ ಬಲ ಕೊಡಲಿಲ್ಲವೆಂದು ಬಹಿರಂಗವಾಗಿ ಹೇಳಿದಾಗ ಹಳೆಯ ಜಗಳ ಮತ್ತೆ ಹೊತ್ತಿಕೊಂಡಿತು; ಅಣುಶಕ್ತಿ ಇಲಾಖೆ ಅದನ್ನು ತಳ್ಳಿಹಾಕಿತು. ಅಳೆಯುವವರೂ ಸ್ಫೋಟಿಸಿದವರೂ ಒಂದೇ ಸಂಸ್ಥೆಯವರಾದಾಗ ಅಳತೆ ಎಷ್ಟು ಸರಿಯಿದ್ದರೂ ಅನುಮಾನ ಪೂರ್ತಿ ಹೋಗುವುದಿಲ್ಲ.

ಅಷ್ಟರಲ್ಲಿ ಗೌರಿಬಿದನೂರಿನ ಸೋದರಿಯರ ದಾರಿ ಬೇರೆಯಾಗಿತ್ತು. 1996ರ ಸೆಪ್ಟೆಂಬರ್ 24ರಂದು ಸಹಿಗೆ ತೆರೆದ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದ (ಸಿಟಿಬಿಟಿ) 337 ಕೇಂದ್ರಗಳ ಜಾಗತಿಕ ನಿಗಾ ಜಾಲವನ್ನು ರೂಪಿಸಿತು. ವಾರಮುಂಗಾ, ಯೆಲ್ಲೋನೈಫ್, ಎಸ್ಕ್‌ಡೇಲ್‌ಮ್ಯೂರ್ ಮೂರೂ ಅದರೊಳಗೆ ಸೇರಿದವು. ಭಾರತ ಸಹಿ ಹಾಕಲಿಲ್ಲ. ಅಣ್ವಸ್ತ್ರ ಉಳ್ಳವರು ಅವುಗಳನ್ನು ನಾಶಮಾಡುವ ಗಡುವಿಗೆ ಒಪ್ಪದೆ ಇಲ್ಲದವರನ್ನು ಮಾತ್ರ ಕಟ್ಟಿಹಾಕುವುದು ಸಲ್ಲದೆಂಬುದು ದೆಹಲಿಯ ನಿಲುವು. ಹಾಗಾಗಿ ಆ ಜಾಲದ ಒಂದು ಕೇಂದ್ರವೂ ಭಾರತದಲ್ಲಿಲ್ಲ. ಗೌರಿಬಿದನೂರು ಬಿಎಆರ್‌ಸಿಯ ಠಾಣೆಯಾಗಿಯೇ ಮುಂದುವರಿಯಿತು.

ಇದರ ಪರಿಣಾಮ ಕರಾವಳಿಯವರಿಗೂ ಸಂಬಂಧಿಸಿದ್ದು. 2004ರ ಡಿಸೆಂಬರ್ 26ರ ಬೆಳಗ್ಗೆ 6.29ರ ಹೊತ್ತಿಗೆ ಸುಮಾತ್ರಾದ ಬಳಿ ಕಡಲತಳ ಜಾರಿದಾಗ ಅದರ ಮೊದಲ ಕಂಪನ ಕರ್ನಾಟಕದ ಬಂಡೆಗಳನ್ನು ಮುಟ್ಟಲು ಐದು ನಿಮಿಷ ಸಾಕಿತ್ತು. ಸುನಾಮಿ ಚೆನ್ನೈ ತಲುಪಲು ಎರಡು ತಾಸಿಗೂ ಹೆಚ್ಚು ಹಿಡಿಯಿತು. ದೇಶದಲ್ಲಿ ಭೂಕಂಪಮಾಪಕಗಳು ಇದ್ದವು. ಕಂಪನವನ್ನು ಕಡಲತೀರದ ಎಚ್ಚರಿಕೆಯಾಗಿ ಮಾರ್ಪಡಿಸುವ ವ್ಯವಸ್ಥೆ ಇರಲಿಲ್ಲ. ಆ ದುರಂತದ ಬಳಿಕ ಸಿಟಿಬಿಟಿ ಜಾಲದ ದತ್ತಾಂಶವನ್ನು ಹಲವು ದೇಶಗಳ ಸುನಾಮಿ ಕೇಂದ್ರಗಳಿಗೆ ಒದಗಿಸುವ ಏರ್ಪಾಡಾಯಿತು. ಭಾರತ 2007ರಲ್ಲಿ ಹೈದರಾಬಾದಿನಲ್ಲಿ ತನ್ನದೇ ಎಚ್ಚರಿಕೆ ಕೇಂದ್ರ ತೆರೆಯಿತು.

ಕೆಜಿಎಫ್: ತೊರೆದುಹೋದ ಗುಹೆ

ಎರಡನೆಯ ಠಾಣೆಯ ಕಥೆಗೆ ಚಿನ್ನವೇ ಆಧಾರ. 1880ರಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿದ ಗಣಿಗಾರಿಕೆ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿ.ಮೀ.ಗಿಂತ ಆಳಕ್ಕೆ ಇಳಿಯಿತು. ಅಷ್ಟು ಆಳ ಜಗತ್ತಿನಲ್ಲಿ ಬೇರೆ ಕೆಲವೇ ಕಡೆ ಇತ್ತು. ಚಿನ್ನ ಹುಡುಕುವವರಿಗೆ ಆಳವೆಂದರೆ ಖರ್ಚು ಮತ್ತು ಅಪಾಯ. ಭೌತವಿಜ್ಞಾನಿಗಳಿಗೆ ಅದು ನಿಶ್ಶಬ್ದ. ಆಕಾಶದಿಂದ ಸುರಿಯುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಕಣಗಳನ್ನು ಮೇಲಿನ ಬಂಡೆ ತಡೆಯುತ್ತಾ ಹೋಗುತ್ತದೆ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿಯೇ ಇಲ್ಲಿ ಅಳತೆಗಳನ್ನು ಶುರುಮಾಡಿದ್ದರು. ಅವರು ಹಳೆಯ ಮೈಸೂರಿನ ನಂಜನಗೂಡು ಸೀಮೆಯವರು. ದಶಕದ ಬಳಿಕ, 1928ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್ ಮತ್ತು ಸಂಗಡಿಗರ ಕಾಲದಲ್ಲಿ ಉಪಕರಣಗಳು ಇನ್ನೂ ಕೆಳಗಿಳಿದವು. ಅತ್ಯಂತ ಆಳದಲ್ಲಿ ಸುಮಾರು ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ. ಪ್ರಯೋಗ ಸೋತಿತೆಂದು ಬೇರೆಯವರು ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರಿಗೆ ಅದರಲ್ಲಿ ಅವಕಾಶ ಕಂಡಿತು: ಬಂಡೆಯನ್ನು ಲೆಕ್ಕಿಸದೆ ತೂರಿಬರುವ ನ್ಯೂಟ್ರಿನೊ ಒಂದು ಇಲ್ಲಿ ಸಿಕ್ಕಿಬಿದ್ದರೆ ಅದನ್ನು ಬೇರೆ ಕಣವೆಂದು ತಪ್ಪಾಗಿ ತಿಳಿಯುವ ಸಂಭವ ಬಹಳ ಕಡಿಮೆ.

ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ ಹೆಥ್‌ಕೋಟ್ ಶಾಫ್ಟ್‌ನಿಂದ ತಲುಪುವ 2.3 ಕಿ.ಮೀ. ಆಳದ ಸುರಂಗದಲ್ಲಿ ಪತ್ತೆಕಾರಕಗಳನ್ನು ಜೋಡಿಸಿದವು. ಮೇಲಿದ್ದ ಬಂಡೆ ಸುಮಾರು 7,000 ಮೀಟರ್ ನೀರಿಗೆ ಸಮ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಪತ್ತೆಯಾಯಿತೆಂಬ ಅವರ ಪ್ರಬಂಧ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ಅಮೆರಿಕದ ಫ್ರೆಡರಿಕ್ ರೈನ್ಸ್ ತಂಡದ ಪ್ರಬಂಧ ಹೊರಬಂದದ್ದು ಎರಡು ವಾರಗಳ ಬಳಿಕ. ಆ ತಂಡಕ್ಕೆ ಕಣ ಸಿಕ್ಕಿದ್ದು ಫೆಬ್ರುವರಿಯಲ್ಲಿಯೇ ಆದ್ದರಿಂದ ಯಾರು ಮೊದಲು ಎಂಬ ಪ್ರಶ್ನೆಗೆ ಎರಡೂ ಕಡೆಯವರಿಗೆ ಉತ್ತರವಿದೆ.

1980ರಲ್ಲಿ ಇನ್ನೂ ದೊಡ್ಡ ಕಾವಲು ಆರಂಭವಾಯಿತು. ಪ್ರೋಟಾನ್ ಶಾಶ್ವತವಲ್ಲ, ಊಹಿಸಲಾರದಷ್ಟು ದೀರ್ಘಕಾಲದ ಬಳಿಕ ಒಡೆಯುತ್ತದೆ ಎಂದು ಅಂದಿನ ಹೊಸ ಸಿದ್ಧಾಂತಗಳು ಹೇಳುತ್ತಿದ್ದವು. ಒಂದೇ ಪ್ರೋಟಾನನ್ನು ಅಷ್ಟು ಕಾಲ ಕಾಯಲಾಗದು. ಬದಲಿಗೆ ರಾಶಿ ಪ್ರೋಟಾನ್‌ಗಳನ್ನು ಕೆಲವು ವರ್ಷ ಕಾಯಬಹುದು. 140 ಟನ್ ತೂಕದ, ಮುಖ್ಯವಾಗಿ ಕಬ್ಬಿಣದ ಪತ್ತೆಕಾರಕವನ್ನು ಗಣಿಯ ಪಂಜರದಲ್ಲಿ ತುಂಡುತುಂಡಾಗಿ ಇಳಿಸಿ ಜೋಡಿಸಲಾಯಿತು. ಅದರಲ್ಲಿದ್ದ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಸಂಖ್ಯೆ ಸುಮಾರು 8ರ ಮುಂದೆ 31 ಸೊನ್ನೆ. ಪ್ರೋಟಾನ್ ಒಡೆದಿರಬಹುದೆನ್ನಿಸುವ ಕೆಲವು ಘಟನೆಗಳನ್ನು ತಂಡ ವರದಿ ಮಾಡಿತು. ಅಮೆರಿಕ ಮತ್ತು ಜಪಾನಿನ ಹೆಚ್ಚು ದೊಡ್ಡ ಪತ್ತೆಕಾರಕಗಳಲ್ಲಿ ಅದಕ್ಕೆ ಪುಷ್ಟಿ ದೊರೆಯಲಿಲ್ಲ. ಪ್ರೋಟಾನ್ ಒಡೆದದ್ದನ್ನು ಇದುವರೆಗೆ ಯಾರೂ ಖಚಿತವಾಗಿ ಕಂಡಿಲ್ಲ.

ಠಾಣೆಗೆ ಕುತ್ತು ಬಂದದ್ದು ಪ್ರೋಟಾನಿನಿಂದಲ್ಲ. ಪ್ರಯೋಗಾಲಯಕ್ಕೆ ಲಿಫ್ಟ್, ಗಾಳಿ, ವಿದ್ಯುತ್ತು, ನೀರೆತ್ತುವ ಪಂಪ್ ಎಲ್ಲವೂ ಗಣಿಯದು. ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯಲ್ಲಿ ಅದಿರಿನ ಗುಣ ಕುಸಿದಿತ್ತು, ನಷ್ಟ ಬೆಳೆದಿತ್ತು. ಆಳದ ಹಂತಗಳನ್ನು ಒಂದೊಂದಾಗಿ ಕೈಬಿಡುತ್ತಾ ಬಂದಾಗ ವಿಜ್ಞಾನಿಗಳೂ 1990ರ ದಶಕದ ಆರಂಭದಲ್ಲಿ ಮೇಲೇರಿ ಬರಬೇಕಾಯಿತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಗಣಿಗಳನ್ನು ಮುಚ್ಚಿತು. ಪಂಪ್‌ಗಳು ನಿಂತ ಬಳಿಕ ಆಳವನ್ನು ನೀರು ಆವರಿಸಿತು. ಸಾವಿರಾರು ಕಾರ್ಮಿಕ ಕುಟುಂಬಗಳು ಬೀದಿಗೆ ಬಿದ್ದ ಆ ದಿನಗಳಲ್ಲಿ ಪ್ರಯೋಗಾಲಯಕ್ಕಾಗಿ ಮರುಗಲು ಯಾರಿಗೂ ಪುರುಸೊತ್ತಿರಲಿಲ್ಲ.

ಜಪಾನಿನ ಕಮಿಯೋಕಾ ಗಣಿಯಲ್ಲಿಯೂ ಅದಿರು ತೆಗೆಯುವುದು ನಿಂತದ್ದು 2001ರಲ್ಲಿಯೇ. ಅಲ್ಲಿನ ಪ್ರಯೋಗಾಲಯ ಉಳಿಯಿತು, ಬೆಳೆಯಿತು. ಅಲ್ಲಿನ ಕೆಲಸಕ್ಕೆ 2002 ಮತ್ತು 2015ರಲ್ಲಿ ನೊಬೆಲ್ ಬಂದವು. ಸರ್ಕಾರದ ಇಚ್ಛಾಶಕ್ತಿಯನ್ನು ಮಾತ್ರ ಹೊಗಳಿ ಅಥವಾ ತೆಗಳಿ ಮುಗಿಸುವುದು ನ್ಯಾಯವಲ್ಲ. ಕಮಿಯೋಕಾ ಇರುವುದು ಬೆಟ್ಟದ ಒಡಲಲ್ಲಿ, ಅಡ್ಡ ಸುರಂಗದಲ್ಲಿ ವಾಹನವನ್ನೇ ಓಡಿಸಿಕೊಂಡು ಹೋಗಬಹುದು. ಕೆಜಿಎಫ್‌ಗೆ ಎರಡು ಕಿ.ಮೀ.ಗಿಂತ ಹೆಚ್ಚು ನೇರ ಇಳಿಯಬೇಕು, ಹಗಲಿರುಳು ನೀರೆತ್ತಬೇಕು. ಒಂದು ಪ್ರಯೋಗಾಲಯದ ಬಜೆಟ್ಟಿಗೆ ಅದು ನಿಲುಕುವ ಮಾತಲ್ಲ.

ಅಡ್ಡ ಸುರಂಗದ ಆ ಪಾಠವನ್ನೇ ಹಿಡಿದು ತಮಿಳುನಾಡಿನ ತೇಣಿ ಜಿಲ್ಲೆಯ ಪೊಟ್ಟಿಪುರಂ ಬೆಟ್ಟದೊಳಗೆ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಸ್ಥಳೀಯರ ವಿರೋಧ, ಪಶ್ಚಿಮ ಘಟ್ಟದ ಪರಿಸರದ ಆತಂಕ, ಕೊನೆಗೆ ರಾಜ್ಯ ಸರ್ಕಾರದ ನಿರಾಕರಣೆಯಿಂದ ಅದು ನಿಂತುಹೋಯಿತು. 2017ರಲ್ಲಿ ಜಾರ್ಖಂಡಿನ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದ ಪುಟ್ಟ ಪ್ರಯೋಗಾಲಯವೊಂದು ತೆರೆಯಿತು. ಅದು ಹೆಥ್‌ಕೋಟ್ ಶಾಫ್ಟ್‌ನ ಠಾಣೆಯ ಕಾಲು ಭಾಗದಷ್ಟೂ ಆಳವಿಲ್ಲ.